ಎರಡನೇ ಅಳತೆ

ಮಧ್ಯರಾತ್ರಿ ಕಳೆದಿತ್ತು. ವಾರ್ಡಿನ ಮೂಲೆಯಲ್ಲಿ ಫ್ಲಶ್ ಎಳೆದ ಸದ್ದಾಯಿತು. ಕುರ್ಚಿಯಲ್ಲಿ ತೂಕಡಿಸುತ್ತಿದ್ದ ಅಕ್ಕ ಕಣ್ಣು ಬಿಟ್ಟಳು. ತುಂಬುಗರ್ಭಿಣಿ ತಂಗಿ ಸೊಂಟಕ್ಕೆ ಕೈ ಕೊಟ್ಟು, ಬಾತುಕೋಳಿಯ ಹಾಗೆ ವಾಲುತ್ತ ಬಂದಳು.

"ಎಷ್ಟು ಸಲ ಹೋಗ್ತೀಯೇ?"

"ಒಳಗಿರೋ ಮಹಾಶಯರು ಉಚ್ಚೆ ಚೀಲದ ಮೇಲೇ ಕೂತಿದ್ದಾರೆ, ಏನು ಮಾಡ್ಲಿ? ಸಂಜೆ ನೀನು ಸ್ಕ್ಯಾನ್ ಮಾಡಿ ಮುಗಿಸೋವರೆಗೆ ತಡ್ಕೊಂಡು ಪ್ರಾಣವೇ ಹೋಗಿತ್ತು."

ಅಕ್ಕ ಕುರ್ಚಿಯಲ್ಲಿ ನೆಟ್ಟಗೆ ಕೂತಳು.

ಈ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡುವವಳು ಅವಳೇ. ಮೂತ್ರಚೀಲ ತುಂಬಿದ್ದರೆ ಗರ್ಭಕೋಶದ ಕೊರಳನ್ನು ಅದುಮುತ್ತದೆ, ಹೆರಿಗೆಗೆ ಸಿದ್ಧವಾಗಿ ಗಿಡ್ಡವಾದ ಕೊರಳೂ ಪರದೆಯ ಮೇಲೆ ಉದ್ದವಾಗಿ ಕಾಣುತ್ತದೆ. ಹೊಸಬರಿಗೆ ಅವಳು ಕಲಿಸುವ ಮೊದಲ ಪಾಠವೇ ಅದು: 'ಹೋಗಿ ಬಂದ್ರಾ' ಅಂತ ಕೇಳಿ, ಆಮೇಲೆ ಅಳೆಯಿರಿ. ದಿನವೂ ಪರರನ್ನು ಕೇಳುವ ಮಾತನ್ನು ಒಡಹುಟ್ಟಿದವಳನ್ನು ಕೇಳಿರಲಿಲ್ಲ. ಕಪ್ಪಗೆ ಉಬ್ಬಿದ್ದ ಚೀಲ ಕಣ್ಣಿಗೆ ಬಿದ್ದಿತ್ತು. ಮನಸ್ಸು ಮಾತ್ರ ಮಗುವಿನ ಎದೆಬಡಿತದ ಮೇಲಿತ್ತು.

ಆ ಅಳತೆ ನೋಡಿಯೇ ಹೆರಿಗೆ ಡಾಕ್ಟರು, ಕೊರಳು ಇಷ್ಟು ಉದ್ದವಿದ್ದರೆ ನೋವು ಬರಿಸುವ ಔಷಧ ಕೊಟ್ಟು ದಿನವಿಡೀ ನರಳಿಸಿದರೂ ಕೊನೆಗೆ ಕತ್ತರಿಯೇ ಗತಿ, ಬೆಳಿಗ್ಗೆಯೇ ಆಪರೇಷನ್ ಮಾಡಿಬಿಡೋಣ ಎಂದಿದ್ದರು. ತಂಗಿ ಹೂಂ ಎಂದು ಗೋಡೆಯ ಕಡೆ ಹೊರಳಿದ್ದಳು. ಹಿಂದೊಮ್ಮೆ ಅರಿವಳಿಕೆ ಮೈಗೊಗ್ಗದೆ ಉಸಿರೇ ನಿಂತು ಉಳಿದು ಬಂದವಳು ಅವಳು.

"ಏಳು, ಇನ್ನೊಂದು ಸಲ ನೋಡ್ತೀನಿ."

"ಯಾಕಕ್ಕ, ಏನಾದ್ರೂ ಆಗಿದ್ಯಾ?"

"ಏನಿಲ್ಲ. ನಿದ್ದೆ ಬರ್ತಿಲ್ಲ."

"ನಿಂಗೆ ನಿದ್ದೆ ಬರದಿದ್ರೆ ನನ್ನ ಹೊಟ್ಟೆ ಆಟದ ಸಾಮಾನಾ?" ಗೊಣಗುತ್ತಲೇ ಬಂದಳು.

ಈ ಸಲ ಪರದೆಯ ಮೇಲೆ, ಖಾಲಿ ಚೀಲದ ಕೆಳಗೆ ಕೊರಳು ಗಿಡ್ಡವಾಗಿತ್ತು. ಮಗುವಿನ ತಲೆ ಚೆನ್ನಾಗಿ ಇಳಿದಿತ್ತು. ನಂಬಿಕೆ ಬಾರದೆ ಮತ್ತೆ ಮತ್ತೆ ಅಳೆದಳು. ಡಾಕ್ಟರಿಗೆ ಫೋನು ಮಾಡಿ ಹೊಸ ಅಳತೆ ಹೇಳಿದಳು. ಇಷ್ಟು ಬೇಗ ಬದಲಾಯಿತೇ ಎಂದು ಅವರು ಅಚ್ಚರಿಪಟ್ಟು, ಹಾಗಾದರೆ ಔಷಧವನ್ನೇ ಶುರು ಮಾಡೋಣ ಎಂದರು. ಕಾರಣ ಹೇಳಬೇಕಾದ ಗಳಿಗೆ ಅದೇ. ಅವಳು 'ಸರಿ ಡಾಕ್ಟ್ರೇ' ಎಂದು ಫೋನಿಟ್ಟಳು.

ಆಮೇಲೆ ಬೇರೆಯೇ ಹೆದರಿಕೆ. ಅಳತೆ ಎಷ್ಟೆಂದರೂ ಅಂದಾಜು. ಹೆಚ್ಚುಕಡಿಮೆಯಾದರೆ ಇದೂ ತನ್ನ ತಲೆಗೇ. ಬೆಳಗಿನಿಂದ ಅವಳು ಹೆರಿಗೆ ಕೋಣೆಯ ಬಾಗಿಲಲ್ಲಿ ಗೋಡೆಗೆ ಆನಿಕೊಂಡು ನಿಂತಳು. ಒಳಗೆ ತಂಗಿ ಕೂಗಿದರೂ ಭಯ, ಸುಮ್ಮನಾದರೂ ಭಯ. ಸಂಜೆ ಮಗು ಅತ್ತಾಗ ನೆಲದ ಮೇಲೇ ಕೂತುಬಿಟ್ಟಳು.

ತಂಗಿ ಅವಳ ಕೈ ಹಿಡಿದುಕೊಂಡು, "ರಾತ್ರಿ ನೀನೆದ್ದು ನೋಡದಿದ್ರೆ ಕೊಯ್ದೇಬಿಡ್ತಿದ್ರಂತೆ. ಡಾಕ್ಟರು ನಿನ್ನನ್ನ ಹೊಗಳಿದ್ದೇ ಹೊಗಳಿದ್ದು" ಎಂದಳು.

ಅಕ್ಕ ಬಾಯಿ ತೆರೆದಳು. ಬಂದದ್ದು ಬೇರೆ ಮಾತು: "ಹೋಗಿ ಬಂದ್ಯಾ?"

"ಈಗ ಕೇಳ್ತಾಳೆ ನೋಡು" ಎಂದು ತಂಗಿ ನಕ್ಕಳು.

ಅಕ್ಕನೂ ನಕ್ಕಳು. ಮಗುವಿನ ಹೊದಿಕೆ ಸರಿಪಡಿಸುವ ನೆಪದಲ್ಲಿ ತಲೆ ತಗ್ಗಿಸಿ, ಮೊದಲ ಅಳತೆಯ ತಪ್ಪನ್ನು ಡಾಕ್ಟರಿಗೂ ಇವಳಿಗೂ ಯಾರಿಗೂ ಎಂದೆಂದಿಗೂ ಹೇಳುವುದಿಲ್ಲವೆಂದು ನಿರ್ಧರಿಸಿದಳು.