ಬಲ ಬೇಡ

ಕೊಯ್ಲು ಮುಗಿದು ವಾರವಾಗಿತ್ತು. ಬೆಳಗಿನ ಚಳಿ ಇನ್ನೂ ಅಂಗಳ ಬಿಟ್ಟು ಎದ್ದಿರಲಿಲ್ಲ. ಬಡಗಿಯ ಚಪ್ಪರದ ಕೆಳಗೆ ಕಾವು ಮುರಿದ ಗುದ್ದಲಿಗಳು, ಹಿಡಿ ಸಡಿಲಾದ ಕುಡುಗೋಲುಗಳು, ನೊಗ ಕಟ್ಟುವ ಮೂಕಿ ಸೀಳಿದ ಒಂದು ಗಾಡಿ ಸರದಿ ಕಾಯುತ್ತಿದ್ದವು. ಪ್ರತಿವರ್ಷ ಈ ಹೊತ್ತಿಗೆ ಅವನ ಬಾಚಿಗೆ ಉಸಿರಾಡಲೂ ಬಿಡುವಿರುತ್ತಿರಲಿಲ್ಲ. ಈ ವರ್ಷ ಬಡಗಿ ಅವೆಲ್ಲಕ್ಕೂ ಬೆನ್ನು ಹಾಕಿ, ಮನೆಗೋಡೆಯ ಕಿಟಕಿಯ ಪಕ್ಕ ಕೂತು, ವೈಸಿನ ಇಕ್ಕಳದಲ್ಲಿ ಬಿಗಿದ ಅಂಗೈಯಗಲದ ಮರದ ಚಕ್ರವೊಂದನ್ನು ನೋಡುತ್ತಿದ್ದ. ಅವನ ಕೈಯಲ್ಲಿ ದಪ್ಪ ಮೂಲಂಗಿಯಷ್ಟಿದ್ದ ಒಂದು ಕರೆಂಟಿನ ಮಷೀನಿತ್ತು. ಅದರ ಮೂತಿಗೆ ಕಾಸಿನಗಲದ, ಉಗುರಿನಷ್ಟು ತೆಳ್ಳಗಿನ ಬಿಲ್ಲೆ. ಸ್ವಿಚ್ಚು ಒತ್ತಿದರೆ ಬಿಲ್ಲೆ ತಿರುಗುವುದೇ ಕಾಣುತ್ತಿರಲಿಲ್ಲ. ಕಿವಿಯೊಳಗೆ ಜೀರುಂಡೆ ಹೊಕ್ಕಂಥ ಸದ್ದು ಮಾತ್ರ.

ಆ ಚಕ್ರಕ್ಕೆ ಮೂವತ್ತಾರು ಹಲ್ಲು ಬಿಡಿಸಬೇಕಿತ್ತು. ಒಂದೊಂದು ಹಲ್ಲೂ ಅಕ್ಕಿಕಾಳಿನಷ್ಟು. ಉಳಿ ಹಾಕಿದರೆ ಸಿಡಿದುಹೋಗುತ್ತಿತ್ತು. ಹಾಗಾಗಿ ತಂಗಿಯ ಮಗಳಿಂದ ಈ ಮಷೀನು ಕೇಳಿ ತರಿಸಿದ್ದ. ಅವಳು ಪೇಟೆಯಲ್ಲಿ ಹಲ್ಲು ಕಟ್ಟಿಸಿಕೊಳ್ಳುವವರಿಗೆ ಸೆಟ್ಟು ಮಾಡುವವಳು.

"ನಾನು ಮನುಷ್ಯರಿಗೆ ಹಲ್ಲು ಮಾಡ್ತೀನಿ, ನೀವು ಚಕ್ರಕ್ಕೆ ಮಾಡ್ತೀರಿ. ನಮ್ಮ ವಂಶಕ್ಕೇ ಹಲ್ಲಿನ ಋಣ ಇರಬೇಕು ಮಾವ" ಎಂದು ನಕ್ಕು, ತನ್ನ ಹಳೆಯ ಮಷೀನನ್ನು ಬಟ್ಟೆಯಲ್ಲಿ ಸುತ್ತಿ ಕಳಿಸಿದ್ದಳು. ಜೊತೆಗೊಂದು ಚೀಟಿ:

"ಕನ್ನಡಕ ಹಾಕದೆ ಸ್ವಿಚ್ಚು ಮುಟ್ಟಬಾರದು. ಮೂಗಿಗೆ ಮಾಸ್ಕು. ಕೈಗವಸು ಬೇಡ, ತೋಳು ಮೇಲಕ್ಕೆ ಮಡಚಿ. ಮರವನ್ನು ಕೈಯಲ್ಲಿ ಹಿಡಿಯದೆ ವೈಸಿಗೆ ಬಿಗಿಯಿರಿ. ಬಿಲ್ಲೆ ಬದಲಿಸುವಾಗ ವೈರು ಕಿತ್ತಿಡಿ. ಬಲ ಬೇಡ."

ಕೊನೆಯ ಎರಡು ಮಾತಿನ ಕೆಳಗೆ ಎರಡೆರಡು ಗೆರೆ ಎಳೆದಿದ್ದಳು.

ಕೈಗವಸಿನ ಮಾತು ಬಡಗಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮೂವತ್ತೆರಡು ವರ್ಷದ ಹಿಂದೆ, ಊರ ಹೊರಗಿನ ಹಿಟ್ಟಿನ ಗಿರಣಿಯ ದೊಡ್ಡ ಚಕ್ರಕ್ಕೆ ಅವನು ಮರದ ಹಲ್ಲು ಕೂರಿಸುತ್ತಿದ್ದ. ಎಂಜಿನ್ನು ಓಡುತ್ತಲೇ ಇತ್ತು. ಬೆಲ್ಟನ್ನು ಮಾತ್ರ ಪಕ್ಕದ ಖಾಲಿ ಗಾಲಿಗೆ ಸರಿಸಿದ್ದರು. ಅದು ತಾನಾಗಿ ಇತ್ತ ಜಾರಿತು. ಚಕ್ರ ಹೊರಳಿತು. ಮರದ ಸಿಬಿರು ಚುಚ್ಚದಿರಲೆಂದು ಕೈಗೆ ಸುತ್ತಿಕೊಂಡಿದ್ದ ಬಟ್ಟೆ ಹಲ್ಲಿಗೆ ಸಿಕ್ಕಿ ಹೆಬ್ಬೆರಳನ್ನು ಒಳಗೆಳೆಯುವಷ್ಟರಲ್ಲಿ ಯಾರೋ ಬೆಲ್ಟು ಸರಿಸುವ ಹಿಡಿಕೋಲು ಎಳೆದು ಅದನ್ನು ತಪ್ಪಿಸಿದ್ದರು. ಯಾರೋ ಏನು, ಗಿರಣಿಯವನೇ. ಬಡಗಿಯ ಹೆಬ್ಬೆರಳಿಗೆ ಇವತ್ತಿಗೂ ಉಗುರಿಲ್ಲ, ಆದರೆ ಬೆರಳಿದೆ. ಆ ಬೆರಳಿನ ಸಾಲವನ್ನು ಅವನು ಹೋದಲ್ಲೆಲ್ಲ ಹೇಳಿಕೊಂಡೇ ಬಂದಿದ್ದ.

ಈಗ ಗಿರಣಿಯವನಿಗೆ ಕಣ್ಣಿಲ್ಲ. ಹೋದ ವರ್ಷ ಗಿರಣಿಯನ್ನೂ ಕೆಡವಿದರು. "ಗೋಡೆ ತಡವಿಕೊಂಡು ಹೋಗಿ ಕೂರ್ತಿದ್ದೆ. ಈಗ ಗೋಡೆಗೂ ಗತಿಯಿಲ್ಲ" ಎಂದು ಅವನು ಹೇಳಿದ ದಿನ ಬಡಗಿ ಮಾತು ಕೊಟ್ಟಿದ್ದ: "ಗಿರಣೀನ ನಿನ್ನ ತೊಡೆ ಮೇಲೆ ತಂದಿಡ್ತೀನಿ ಅಣ್ಣ. ಕೈಯಲ್ಲೇ ನೋಡು."

ಆದರೆ ಕಣ್ಣು ತೆಗೆದ ಸಕ್ಕರೆ ಕಾಯಿಲೆ ಅಲ್ಲಿಗೇ ನಿಲ್ಲಲಿಲ್ಲ, ಗಿರಣಿಯವನ ಬೆರಳ ತುದಿಗೂ ಇಳಿಯಿತು. ಕಿರುಬೆರಳು, ಉಂಗುರದ ಬೆರಳು ಆಗಲೇ ಮರಗಟ್ಟಿದ್ದವು. ಉಳಿದವೂ ದಿನದಿನಕ್ಕೆ ಜೋಮು ಹಿಡಿಯುತ್ತಿದ್ದವು. ಅವು ಮಲಗುವುದರೊಳಗೆ ಗಿರಣಿ ಅವನ ತೊಡೆ ಸೇರಬೇಕಿತ್ತು. ಮರದ ಪುಟ್ಟ ಗಿರಣಿಯ ಗೋಡೆ, ಬಾಗಿಲು, ಎಂಜಿನ್ನು, ಕಾಳು ಸುರಿಯುವ ಬುಟ್ಟಿ, ಹಿಡಿಕೋಲು ಎಲ್ಲ ಮುಗಿದಿದ್ದವು. ಚಕ್ರ ಒಂದೇ ಬಾಕಿ, ಮತ್ತು ಚಕ್ರದ ದಾರಿಗೆ "ಬಲ ಬೇಡ" ಅಡ್ಡ ನಿಂತಿತ್ತು.

"ಬಲಗೈ ಬೇಡ ಅಂತಿರಬೇಕು" ಎಂದಳು ಹೆಂಡತಿ, ಮಣೆಯ ಮೇಲೆ ಕೂತು ಕಾಳು ಆರಿಸುತ್ತ. ಅವಳು ಅಲುಗಿದಾಗಲೆಲ್ಲ ಮಣೆ ಟಕ್ ಟಕ್ ಎಂದು ಕುಂಟುತ್ತಿತ್ತು. "ಅವಳು ಎಡಗೈಯೋಳು ತಾನೆ? ಅವಳ ಮಷೀನು ಅವಳ ಕೈಗೆ ಒಗ್ಗಿರುತ್ತೆ."

ಮಾತಿನಲ್ಲಿ ಹುರುಳಿದೆ ಎನಿಸಿತು. ಬಡಗಿ ಅರ್ಧ ದಿನ ಎಡಗೈಯಲ್ಲಿ ಹಿಡಿದು ನೋಡಿದ. ಬಿಲ್ಲೆ ಮರದ ಮೇಲೆ ಕುಡಿದವನಂತೆ ನಡೆಯಿತು. ಮೂರು ಚಕ್ರ ಒಲೆಗೆ ಹೋದವು.

"ಬಲಕ್ಕೆ ಬೇಡ ಅಂತಲೋ ಏನೋ. ಎಡಕ್ಕೆ ಮಾತ್ರ ಕೊರೀಬೇಕು" ಎಂದ.

"ಯಾರ ಎಡಕ್ಕೆ? ನಿಮ್ಮ ಎಡಕ್ಕಾ, ಚಕ್ರದ ಎಡಕ್ಕಾ?"

ಬಡಗಿ ಎದ್ದು ವೈಸಿನ ಆಚೆ ಹೋಗಿ ನಿಂತ. ಅಲ್ಲಿಂದ ನೋಡಿದರೆ ಎಡವೇ ಬಲವಾಗಿತ್ತು. ಈಚೆ ಬಂದ. ಬಲ ಮತ್ತೆ ಬಲವಾಯಿತು. ನಲವತ್ತು ವರ್ಷ ಮರ ಕೊರೆದವನಿಗೆ ತನ್ನ ಬಲಗೈ ಯಾವುದೆಂದು ಒಂದು ಗಳಿಗೆ ಅನುಮಾನವಾಯಿತು.

"ಫೋನ್ ಮಾಡಿ ಕೇಳಬಾರದಾ?"

"ಆಗಲೇ ಕೇಳ್ದೆ. ಬಲ ಬೇಡ, ಎಡ ಸಾಕು ತಾನೆ ಅಂದೆ. ಹೂಂ ಸಾಕು ಸಾಕು ಅಂದಳು."

"ಮಷೀನು ಓಡ್ತಿತ್ತಾ ಅವಳ ಕಡೆ?"

"ಓಡ್ತಿತ್ತು."

"ಹಾಗಾದ್ರೆ ಅವಳು ಯಾರ ಬಾಯಿಗೆ ಸಾಕು ಅಂದಳೋ!"

ಎರಡನೇ ಸಲ ಕೇಳುವುದು ಬಡಗಿಯ ಜಾಯಮಾನವಲ್ಲ. ಕನ್ನಡಕವಿಲ್ಲದೆಯೇ ಸ್ವಿಚ್ಚಿಗೆ ಬೆರಳಿಟ್ಟ. ಹೆಂಡತಿ ಮೊರ ಇಳಿಸಿ ಬಂದು, ಮಗುವಿಗೆ ಟೋಪಿ ಹಾಕುವಂತೆ ಅವನ ಕಣ್ಣಿಗೆ ಕನ್ನಡಕ ಏರಿಸಿದಳು.

"ಮಂಜು ಮಂಜಾಗಿ ಕಾಣುತ್ತೆ ಕಣೆ."

"ಮಂಜಾದ್ರೂ ಕಾಣ್ಲಿ. ಊರಿಗೊಬ್ಬ ಕಾಣದೋನು ಸಾಕು."

ಅವನು ಎಡಕ್ಕೆ ಕೊರೆದ. ಮಷೀನು ಬಲಕ್ಕೆ ಎಳೆಯುತ್ತಿದ್ದಂತೆ ತೋರಿತು. ಬಲ ಬೇಡವೆಂದು ಇನ್ನಷ್ಟು ಬಿಗಿಹಿಡಿದು ಎಡಕ್ಕೆ ಒತ್ತಿದ. ಸದ್ದು ಜೀರುಂಡೆಯಿಂದ ದುಂಬಿಯಾಯಿತು, ದುಂಬಿಯಿಂದ ನರಳಾಟವಾಯಿತು. ಮರ ಸುಟ್ಟ ವಾಸನೆ ಬಂತು. ಬಾಚಿಯಾದರೆ ಇಂಥ ಹೊತ್ತಿನಲ್ಲಿ ತೋಳಿನ ಶಕ್ತಿ ಕೇಳುತ್ತದೆ. ಅವನು ಕೊಟ್ಟ. ಟಪ್ ಎಂದು ಏನೋ ಒಡೆಯಿತು. ಕಣ್ಣೆದುರು ಬಿಳಿ ಗೆರೆಯೊಂದು ಮಿಂಚಿ ನಿಂತಿತು.

ಮಷೀನು ಆರಿಸಿ, ವೈರು ಕಿತ್ತು ನೋಡಿದಾಗ ಮೂತಿಯಲ್ಲಿ ಬಿಲ್ಲೆಯಿರಲಿಲ್ಲ. ಒಂದು ಚೂರು ಚಪ್ಪರದ ಕಂಬಕ್ಕೆ ನೆಟ್ಟಿತ್ತು. ಕಣ್ಣೆದುರಿನ ಬಿಳಿ ಗೆರೆ ಮಾತ್ರ ಹೋಗಲಿಲ್ಲ. ಕಣ್ಣು ಉಜ್ಜಿಕೊಳ್ಳಲು ಕೈಯೆತ್ತಿದಾಗ ಬೆರಳಿಗೆ ಗಾಜು ಸಿಕ್ಕಿತು. ಗೆರೆ ಇದ್ದದ್ದು ಕನ್ನಡಕದಲ್ಲಿ, ಬಲಗಣ್ಣಿನ ನಟ್ಟನಡುವೆ.

ಹೆಂಡತಿ ಆ ಗೆರೆಯ ಮೇಲೆ ಉಗುರಾಡಿಸಿ ನೋಡಿದಳು. ಏನೂ ಅನ್ನದೆ ಫೋನು ಹಚ್ಚಿ, ಸ್ಪೀಕರ್ ಹಾಕಿ ಗಂಡನ ಮುಂದೆ ಹಿಡಿದಳು.

"ಬಲ ಬೇಡ ಅಂದ್ರೆ ಏನಮ್ಮಾ?"

"ಏನಂದ್ರೆ? ಒತ್ತಬೇಡಿ ಅಂತ ಮಾವ! ಶಕ್ತಿ ಹಾಕಬೇಡಿ ಅಂತ! ನೀವೇನಂದ್ಕೊಂಡ್ರಿ?"

ಬಡಗಿ ಹೆಂಡತಿಯ ಮುಖ ನೋಡಿದ. ಅವಳು ಸೆರಗು ಬಾಯಿಗಿಟ್ಟುಕೊಂಡಿದ್ದಳು.

"ಎಡ ಬಲದ ಬಲ ಅಂದ್ಕೊಂಡ್ವಿ."

"ಅತ್ತೆ, ಕಣ್ಣು ನೆಟ್ಟಗಿದೆಯಾ ಇವರದ್ದು?"

"ಇದೆ. ಕನ್ನಡಕದ್ದು ಹೋಯ್ತು."

"ಮಾವ, ಕೇಳಿ. ಬಾಚಿ ನಿಮ್ಮ ತೋಳಿಂದ ಕಡಿಯುತ್ತೆ. ಇದು ತನ್ನ ವೇಗದಿಂದ ಕಡಿಯುತ್ತೆ. ನೀವು ಬರೀ ದಾರಿ ತೋರಿಸಬೇಕು. ಸದ್ದು ಕುಗ್ಗಿದ್ರೆ ಜಾಸ್ತಿ ಒತ್ತಿದ್ರಿ ಅಂತ ಅರ್ಥ, ತಕ್ಷಣ ಎತ್ತಿ. ಬಿಲ್ಲೆಯ ನೇರಕ್ಕೆ ಮುಖ ಇಡಬೇಡಿ, ಒಂದು ಪಕ್ಕಕ್ಕೆ ಕೂತ್ಕೊಳ್ಳಿ."

"ಯಾವ ಪಕ್ಕಕ್ಕೆ?"

"ಯಾವುದಾದ್ರೂ ಪಕ್ಕಕ್ಕೆ ಮಾವ!"

ಹೊಸ ಬಿಲ್ಲೆ, ಹೊಸ ಚಕ್ರ. ಬಡಗಿ ಬೆಕ್ಕಿನ ಬೆನ್ನು ಸವರುವಂತೆ ಮುಟ್ಟಿದ. ಅಷ್ಟಕ್ಕೇ ಮರ ಬಿಟ್ಟುಕೊಟ್ಟಿತು. ಇಷ್ಟು ಕಡಿಮೆ ಕೆಲಸ ಮಾಡಿ ಇಷ್ಟು ಕೆಲಸವಾಗುವುದು ಅವನಿಗೆ ಮೋಸದಂತೆ ಕಂಡಿತು. ಎರಡು ದಿನದಲ್ಲಿ ಮೂವತ್ತಾರು ಹಲ್ಲು ನಿಂತವು.

ಗಿರಣಿಯವನು ಬಿಸಿಲಿಗೆ ಬೆಂಚು ಹಾಕಿಕೊಂಡು ಕೂತಿದ್ದ. ಬಡಗಿ ತೊಡೆಯ ಮೇಲೆ ಗಿರಣಿ ಇಟ್ಟ. ಉಳಿದಿದ್ದ ಮೂರು ಬೆರಳು ಗೋಡೆ ಹತ್ತಿ ಇಳಿದವು, ಬಾಗಿಲು ತಳ್ಳಿದವು, ಎಂಜಿನ್ನಿನ ಬೆನ್ನು ತಡವಿದವು. ಚಕ್ರಕ್ಕೆ ಬಂದಾಗ ನಿಂತು, ಒಂದೊಂದೇ ಹಲ್ಲು ಎಣಿಸತೊಡಗಿದವು.

"ಮೂವತ್ತಾರು" ಎಂದ ಗಿರಣಿಯವನು. "ಬಡ್ಡೀಮಗನೆ, ಒಂದೂ ಬಿಟ್ಟಿಲ್ಲವಲ್ಲೋ!"

ಬಡಗಿ ಉಗುರಿಲ್ಲದ ಹೆಬ್ಬೆರಳು ಸವರಿಕೊಂಡ. "ಅವತ್ತು ನೀನು ಹಿಡಿಕೋಲು ಎಳೀದಿದ್ರೆ ಇದನ್ನ ಮಾಡೋಕೆ ಬೆರಳೆಲ್ಲಿರ್ತಿತ್ತು ಅಣ್ಣ. ಸಾಲ ತೀರಿಸ್ದೆ ಅಂದ್ಕೋ."

ಗಿರಣಿಯವನ ಬೆರಳುಗಳು ಚಕ್ರ ಬಿಟ್ಟು ಹಿಡಿಕೋಲಿಗೆ ಹೋದವು. ಅಲ್ಲಿಂದ ಕಾಳಿನ ಬುಟ್ಟಿಗೆ ಬಂದವು. ಮತ್ತೆ ಹಿಡಿಕೋಲಿಗೆ ಹೋದವು. ಹುಬ್ಬು ಗಂಟಿಕ್ಕಿತು.

"ನಾನಾ ಎಳೆದಿದ್ದು?"

"ಮತ್ತೆ ಯಾರು?"

"ನಾನು ಬುಟ್ಟಿ ಹತ್ರ ಏಣಿ ಮೇಲಿದ್ದೆ ಕಣೋ. ನೀನು ಕೂಗಿದಾಗ ಕಾಳಿನ ಚೀಲ ಹೆಗಲ ಮೇಲಿತ್ತು. ನೋಡು, ಬುಟ್ಟಿ ಇಲ್ಲಿ, ಹಿಡಿಕೋಲು ಅಲ್ಲಿ, ನಡುವೆ ಚಕ್ರ. ನನ್ನ ಕೈಯೇನು ಹಗ್ಗವಾ? ನಾನು ಇಳಿಯೋ ಹೊತ್ತಿಗೆ ಬೆಲ್ಟು ಬಿಟ್ಟಾಗಿತ್ತು. ನೀನು ಊರಿಗೆಲ್ಲ ನನ್ನ ಹೆಸರು ಹೇಳ್ಕೊಂಡು ಬಂದೆ. ನಾನೇ ಎಳೆದಿರಬೇಕು ಅಂತ ನನಗೂ ಅನ್ನಿಸಿಬಿಟ್ಟಿತ್ತು."

ಬಡಗಿ ಬಗ್ಗಿ ನೋಡಿದ. ತಾನೇ ಅಳತೆ ಹಿಡಿದು ಮಾಡಿದ ಗಿರಣಿ. ಬುಟ್ಟಿಯಿಂದ ಹಿಡಿಕೋಲಿಗೆ ನಿಜದ ಲೆಕ್ಕದಲ್ಲಿ ಎರಡು ಆಳು ದೂರ. ಸುಳ್ಳು ಹೇಳಲು ಅದರಲ್ಲಿ ಜಾಗವೇ ಇರಲಿಲ್ಲ.

"ಹಿಡಿಕೋಲಿನ ಪಕ್ಕ ಯಾರಿದ್ರು ಅಣ್ಣ?"

"ಅಲ್ಲಿ ಹಿಟ್ಟಿಗೆ ಕಾಯೋರ ಕಟ್ಟೆ ಇತ್ತು. ಯಾರೋ ಹೊಸ ಮದುಮಗಳು ಡಬ್ಬಿ ಹಿಡ್ಕೊಂಡು ಕೂತಿದ್ದಳು." ಗಿರಣಿಯವನ ಮುಖ ಅರಳಿತು. "ನಿನ್ನ ಹೆಂಡತಿಯೇ ಅಲ್ಲವೇನೋ?"

ಬಡಗಿ ಮನೆಗೆ ಬರುವ ದಾರಿಯಲ್ಲಿ ಎರಡು ಸಲ ತಪ್ಪು ತಿರುವು ತೆಗೆದುಕೊಂಡ. ಹುಟ್ಟಿದೂರಿನಲ್ಲಿ!

ಹೆಂಡತಿ ಮಣೆಯ ಮೇಲೆ ಕೂತು ಒಲೆ ಊದುತ್ತಿದ್ದಳು.

"ಅವತ್ತು ಗಿರಣೀಲಿ ಹಿಡಿಕೋಲು ಎಳೆದಿದ್ದು ನೀನಾ?"

ಅವಳು ಊದುಗೊಳವೆ ಕೆಳಗಿಟ್ಟಳು. "ಏನೋ ಒಂದು ಎಳೆದೆ. ನೀವು ಕೂಗಿದ್ರಿ, ಕೈಗೆ ಸಿಕ್ಕಿದ್ದು ಎಳೆದೆ. ಅದೇ ಬೆಲ್ಟಿನದೋ ಅಲ್ಲವೋ ನನಗೇನು ಗೊತ್ತು?"

"ಮೂವತ್ತೆರಡು ವರ್ಷ ಯಾಕೆ ಹೇಳಲಿಲ್ಲ?"

"ಹೇಳೋಣ ಅನ್ನೋಷ್ಟರಲ್ಲಿ ನೀವು ಗಿರಣಿಯವರ ಹೆಸರು ಊರಿಗೆಲ್ಲ ಹೇಳಾಗಿತ್ತು. ಮದುವೆಯಾಗಿ ಹದಿನೈದು ದಿನ. ಬಂದ ತಿಂಗಳಲ್ಲೇ ಗಂಡನ ಮಾತು ಸುಳ್ಳು ಅನ್ನಲಾ? ಆಮೇಲೆ, ನಾನು ಎಳೆದಿದ್ದೇ ಕನಸೇನೋ ಅನ್ನಿಸ್ತು."

ಬಡಗಿ ಬಾಗಿಲ ಚೌಕಟ್ಟಿಗೆ ಒರಗಿದ. ಗೀರು ಬಿದ್ದ ಕನ್ನಡಕ ಇನ್ನೂ ಅಂಗಿಯ ಜೇಬಿನಲ್ಲಿತ್ತು. ಬೆರಳೂ ಇವಳದೇ, ಕಣ್ಣೂ ಇವಳದೇ. ಇಷ್ಟು ವರ್ಷ ತಪ್ಪು ಮನೆಯ ಬಾಗಿಲಿಗೆ ತೋರಣ ಕಟ್ಟಿದ್ದನೇ ತಾನು?

"ಹಾಗಾದ್ರೆ ಸಾಲ ನಿನಗೆ ಕೊಡಬೇಕಾಯ್ತು. ಏನು ಮಾಡಿಕೊಡ್ಲಿ ಹೇಳು."

ಅವಳು ಎದ್ದು, ಕೂತಿದ್ದ ಮಣೆಯನ್ನು ಅವನ ಕಡೆ ನೂಕಿದಳು. "ಇದರ ಕಾಲು ಸರಿ ಮಾಡಿಕೊಡಿ. ಮೂರು ವರ್ಷದಿಂದ ಹೇಳ್ತಿದೀನಿ. ಬಡಗಿ ಮನೆ ಮಣೆ ಕುಂಟೋದನ್ನ ನೋಡಿ ಬಂದೋರೆಲ್ಲ ನಗ್ತಾರೆ."

ಅವನು ಮಣೆಯನ್ನು ಚಪ್ಪರಕ್ಕೆ ಒಯ್ದು ಬುಡಮೇಲು ಮಾಡಿ ಅಳೆದ. ನಾಲ್ಕು ಕಾಲೂ ಸಮ. ಇನ್ನೊಮ್ಮೆ ಅಳೆದ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ನೆಲಕ್ಕಿಟ್ಟು ಕೂತ. ಟಕ್. ಬೇರೆ ಕಡೆ ಇಟ್ಟ. ಟಕ್. ತಿರುಗಿಸಿಟ್ಟ.

"ಯಾವ ಕಾಲು ಕಣೆ ಕುಂಟೋದು?" ಎಂದು ಕೂಗಿದ.

"ಬಲಗಡೇದು" ಎಂದಳು ಒಳಗಿಂದ.

ಬಡಗಿ ಮಣೆಯನ್ನು ನೋಡುತ್ತ ಕೂತ. ಅದರ ಯಾವ ಕಡೆ ಮುಂದೆ, ಯಾವ ಕಡೆ ಹಿಂದೆ ಎಂದು ಅವನಿಗೆ ತಿಳಿಯಲಿಲ್ಲ. ಗಾಡಿಯವನು ಬಂದು ಮೂಕಿ ಕೇಳಿ, ನಾಳೆ ಬರುತ್ತೇನೆಂದು ಹೋದ. ಒಳಗೆ ಹೆಂಡತಿ ಕೂರಲು ಮಣೆಯಿಲ್ಲದೆ ಬಗ್ಗಿ ನಿಂತುಕೊಂಡೇ ಒಲೆ ಊದುತ್ತಿದ್ದಳು.