ಹೊಲಿಗೆ ಮಿಷನ್ ಗುರುತು

ನನ್ನ ತಮ್ಮ ಮೂರನೇ ಸಲವೂ ಸೋತ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಗೆದ್ದನೇನೋ ಎಂದು ಕೊನೆಯವರೆಗೆ ಕಾದು ಕೂತು, ಆಮೇಲೆ ನನ್ನನ್ನು ಬೈಯುವುದು ಬೇಡ. ಶಾಸನಸಭೆಯ ಒಂದು ಕುರ್ಚಿಗಾಗಿ ಅವನು ಸವೆಸಿದ ಚಪ್ಪಲಿಗಳನ್ನು ಜೋಡಿಸಿದ್ದರೆ ಒಂದು ಅಂಗಡಿ ಇಡಬಹುದಿತ್ತು. ಅವನು ಒಳ್ಳೆಯ ವಕೀಲನೇ, ಇಲ್ಲವೆನ್ನುವುದಿಲ್ಲ. ಆದರೆ ಬಂದ ಕಕ್ಷಿದಾರರಲ್ಲಿ ಅರ್ಧ ಜನರಿಗೆ, "ಕೋರ್ಟು ಕಚೇರಿ ಅಂತ ಯಾಕೆ ಅಲೀತೀರಿ, ಮನೇಲೇ ಕೂತು ರಾಜಿ ಮಾಡ್ಕೊಳ್ಳಿ" ಎಂದು ಹೇಳಿ ಕಳಿಸುವವನು. ತನ್ನ ಅನ್ನಕ್ಕೆ ತಾನೇ ಕಲ್ಲು ಹಾಕಿಕೊಳ್ಳುವವನಿಗೆ ಯಾವ ಪಕ್ಷ ಟಿಕೆಟ್ ಕೊಡುತ್ತದೆ? ಮೂರು ಸಲವೂ ಪಕ್ಷೇತರನಾಗಿಯೇ ನಿಂತ.

ಪಕ್ಷೇತರರಿಗೆ ಸ್ವಂತದ ಗುರುತು ಇರುವುದಿಲ್ಲ. ಚುನಾವಣಾ ಕಚೇರಿಯವರು ಇಟ್ಟುಕೊಂಡಿರುವ ಚಿತ್ರಗಳಲ್ಲಿ ಒಂದನ್ನು ಕೇಳಿ ಪಡೆಯಬೇಕು. ಮೊದಲನೇ ಸಲ ಇವನಿಗೆ ಹೊಲಿಗೆ ಮಿಷನ್ ಸಿಕ್ಕಿತು. ಅವನಿಗಿಂತ ಅವನ ಹೆಂಡತಿಗೇ ಹೆಚ್ಚು ಖುಷಿ. ಅವಳನ್ನು ನಾವು ಗಿಣಿ ಎನ್ನುತ್ತಿದ್ದೆವು. ಬೆಳಗ್ಗೆ ಎದ್ದಾಗ ಶುರುವಾದ ಮಾತು ದೀಪ ಆರಿಸಿದರೂ ನಿಲ್ಲುತ್ತಿರಲಿಲ್ಲ. ಪ್ರಚಾರದ ಆಟೋಗೆ ದನಿ ಕೊಡಲು ಬೇರೆಯವರು ಯಾಕೆ ಎಂದು, ಊಟದ ಮೇಜಿನ ಮೇಲೆ ಫೋನ್ ಇಟ್ಟುಕೊಂಡು ತಾನೇ ಮಾತಾಡಿದಳು. "ಹರಿದಿದ್ದನ್ನ ಹೊಲಿಯೋಕೆ ಹೊಲಿಗೆ ಮಿಷನ್. ನಮ್ಮ ವಕೀಲರ ಗುರುತು ಹೊಲಿಗೆ ಮಿಷನ್" ಎಂದು ರಾಗವಾಗಿ ಹೇಳುತ್ತಿದ್ದಾಗ ನಾನು ಅಡುಗೆಮನೆಯಿಂದ ಕೂಗಿದೆ, "ಗಿಣೀ, ಹಾಲು ಉಕ್ಕಿ ಹೋಗ್ತಿದೆ, ಎಲ್ಲಿ ಸತ್ತೆ?" ಅವಳು ನಗುತ್ತಲೇ, "ಬಂದೆ ಅತ್ತಿಗೇ, ಬಂದೆ" ಎಂದಳು. ಅಷ್ಟೂ ರೆಕಾರ್ಡ್ ಆಯಿತು.

ಅದನ್ನು ಕತ್ತರಿಸಿ ಹಾಕು ಎಂದು ಎಷ್ಟು ಬಡಕೊಂಡರೂ ಅವಳು ಕೇಳಲಿಲ್ಲ. "ಇರ್ಲಿ ಬಿಡಿ ಅತ್ತಿಗೆ, ಇದು ಜನ ಇರೋ ಮನೆ ಅಂತ ಗೊತ್ತಾಗ್ಲಿ" ಎಂದಳು. ಸರಿ, ನನ್ನ ಬಾಯಿ ಎಂಥದ್ದೆಂದು ಊರಿಗೆಲ್ಲ ಡಂಗುರ ಸಾರಿದ ಹಾಗಾಯಿತು. ತರಕಾರಿಯವನು ತೂಕ ಹಾಕುತ್ತಾ, "ಹಾಲು ಉಕ್ತಾ ಅಮ್ಮಾ?" ಎನ್ನುತ್ತಿದ್ದ. ಎರಡನೇ ಸಲವೂ ಅದೇ ಗುರುತು ಸಿಕ್ಕಿತು, ಅದೇ ರೆಕಾರ್ಡು ಬೀದಿ ಬೀದಿ ಸುತ್ತಿತು. ಸೋತು ಬಂದ ದಿನ ಗಿಣಿ ಎಲ್ಲರಿಗೂ ಚಹಾ ಕೊಟ್ಟು, "ಮುಂದಿನ ಸಲ ನೋಡ್ಕೊಳ್ಳೋಣ" ಎಂದಳು.

ಮುಂದಿನ ಸಲಕ್ಕೆ ಅವಳೇ ಇರಲಿಲ್ಲ. ಜ್ವರವೆಂದು ಆಸ್ಪತ್ರೆಗೆ ಸೇರಿದವಳು ಮನೆಗೆ ಬರಲಿಲ್ಲ. ಅದರ ಬಗ್ಗೆ ಇಷ್ಟೇ ಸಾಕು.

ಆಮೇಲೆ ಮನೆಯಲ್ಲಿ ಉಳಿದವರು ನಾನು ಮತ್ತು ಅವನು. ಒಂದೇ ಮೇಜಿಗೆ ಕೂತು ಉಣ್ಣುತ್ತಿದ್ದೆವು, ಮಾತಿಲ್ಲ. ನೋಡೋಣ ಎಂದು ಒಂದು ದಿನ ಬೇಕಂತಲೇ ಅಡುಗೆಗೆ ಉಪ್ಪೇ ಹಾಕಲಿಲ್ಲ. ಪುಣ್ಯಾತ್ಮ, ತಿಂದು ಕೈ ತೊಳೆದು ಎದ್ದುಹೋದ. ಆವತ್ತು ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಸಿಟ್ಟು ಇಳಿದ ಮೇಲೆ ಹೆದರಿಕೆಯಾಯಿತು.

ಹೀಗಿದ್ದವನು ಒಂದು ದಿನ ಇದ್ದಕ್ಕಿದ್ದಂತೆ, "ಅಕ್ಕಾ, ಈ ಸಲಾನೂ ನಿಲ್ತೀನಿ" ಎಂದ.

"ಎರಡು ಸಲ ಮಣ್ಣು ಮುಕ್ಕಿದ್ದು ಸಾಲ್ದಾ? ಕುರ್ಚಿ ಹುಚ್ಚು ಇನ್ನೂ ಬಿಟ್ಟಿಲ್ವಾ ನಿಂಗೆ?"

ಅವನು ಹೋಗಿ ನಾಮಪತ್ರ ಹಾಕಿ ಬಂದ. ಗುರುತು ಹಂಚುವ ದಿನ ಕರಿ ಕೋಟು ಇಸ್ತ್ರಿ ಮಾಡಿಸಿಕೊಂಡು ಹೋದ. ಹೊಲಿಗೆ ಮಿಷನ್ ಬೇಕೆಂದು ಇನ್ನೊಬ್ಬನೂ ಕೇಳಿದ್ದ, ಗೋದಾಮಿನ ಮಾಲೀಕ. ಇವನು ಅಧಿಕಾರಿಯ ಮುಂದೆ ಬೆವರು ಸುರಿಸಿಕೊಂಡು ವಾದ ಮಾಡಿದನಂತೆ, ಕೊಲೆ ಕೇಸಿನಲ್ಲೂ ಹಾಗೆ ಮಾಡಿದವನಲ್ಲವಂತೆ. ಜೊತೆಗೆ ಹೋಗಿದ್ದ ಅವನ ಜೂನಿಯರ್ ಬಂದು ಹೇಳಿದಳು. ಕೊನೆಗೆ ಚೀಟಿ ಎತ್ತಿದರು. ಹೊಲಿಗೆ ಮಿಷನ್ ಗೋದಾಮಿನವನ ಪಾಲಾಯಿತು. ಇವನಿಗೆ ಸಿಕ್ಕಿದ್ದು ಏಣಿ.

ಮನೆಗೆ ಬಂದು ಮೆಟ್ಟಿಲ ಮೇಲೆ ಕೂತ. ಬೂಟು ಬಿಚ್ಚಲಿಲ್ಲ.

"ಏಣಿ ಆದ್ರೇನಂತೆ? ಮಿಷನ್ ಮೇಲೆ ಹತ್ತೋಕಾಗುತ್ತಾ? ಏಣಿನಾದ್ರೂ ಹತ್ಬೋದು" ಎಂದೆ. ನಗಲಿಲ್ಲ.

ಮಾರನೇ ದಿನ ಜೂನಿಯರ್ ಹುಡುಗಿ ಓಡೋಡಿ ಬಂದಳು. ಹಳೇ ರೆಕಾರ್ಡನ್ನೇ ಸರಿ ಮಾಡಿಸಿದ್ದಾಳಂತೆ. ಎಲ್ಲೆಲ್ಲಿ ಹೊಲಿಗೆ ಮಿಷನ್ ಬರುತ್ತದೋ ಅಲ್ಲೆಲ್ಲ ಅದನ್ನು ತೆಗೆದು ಸ್ಟುಡಿಯೋದ ಯಾವಳೋ ಒಬ್ಬಳಿಂದ ಏಣಿ ಎನ್ನಿಸಿದ್ದಾಳೆ. ಹಾಕಿದಳು. ಗಿಣಿಯ ದನಿ ಬರುತ್ತದೆ, ನಡುವೆ ಆ ಪರಕೀಯಳು "ಏಣಿ" ಎನ್ನುತ್ತಾಳೆ, ಮತ್ತೆ ಗಿಣಿ. ನನ್ನ ಕೂಗನ್ನೂ ನೀಟಾಗಿ ಕತ್ತರಿಸಿದ್ದರು. ತಮ್ಮ ಎದ್ದು ಹಿತ್ತಲಿಗೆ ಹೋದ. ನಾನು ಹಿಂದೆಯೇ ಹೋದೆ. ಬಟ್ಟೆ ಒಣಹಾಕುವ ಹಗ್ಗ ಹಿಡಿದುಕೊಂಡು ಅಳುತ್ತಿದ್ದ. ಅವನು ಅತ್ತದ್ದನ್ನು ನೋಡಿ ಎಷ್ಟು ವರ್ಷವಾಗಿತ್ತೋ.

ಆಗ ನನ್ನ ಮರಮಂಡೆಗೆ ಹೊಳೆಯಿತು.

"ಇದಕ್ಕೇನೋ ನೀನು ನಿಂತಿದ್ದು? ಅವಳ ದನಿ ಕೇಳೋಕಾ?"

ತಲೆಯಾಡಿಸಿದ.

"ಫೋನಲ್ಲೇ ಇತ್ತಲ್ಲೋ. ಮನೇಲಿ ಕೂತು ಕೇಳ್ಕೋಬಹುದಿತ್ತಲ್ಲ."

"ಕೇಳಿ ನೋಡ್ದೆ ಅಕ್ಕಾ. ಮನೆ ಒಳಗೆ ಕೇಳಿದ್ರೆ ಸತ್ತೋದವಳ ದನಿ ಅದು. ಬೀದಿ ತುದಿಯಿಂದ ಬರ್ತಾ ಇದ್ರೆ ಅವಳು ಮನೆಗೆ ಬರ್ತಾ ಇದಾಳೆ ಅನ್ಸುತ್ತೆ."

ಹಗ್ಗದ ಮೇಲಿದ್ದ ಟವೆಲು ಅವನ ಕೈಗಿಟ್ಟು, "ಹಾಗಾದ್ರೆ ಹಳೇದನ್ನೇ ಹಾಕ್ಸು" ಎಂದೆ.

"ಅದು ಗೋದಾಮಿನವನಿಗೆ ಓಟು ಕೇಳಿದ ಹಾಗೆ. ನನ್ನ ನಂಬಿ ನಾಲ್ಕು ಜನ ಬಿಸಿಲಲ್ಲಿ ಓಡಾಡ್ತಿದಾರೆ. ಅವರಿಗೆ ಮೋಸ ಮಾಡ್ಲಾ?"

ನ್ಯಾಯವೇ. ನ್ಯಾಯದ ಮಾತಾಡುವವರ ಜೊತೆ ಸಂಸಾರ ಮಾಡುವುದು ಎಷ್ಟು ಕಷ್ಟವೆಂದು ಗಿಣಿಯನ್ನು ಕೇಳಬೇಕಿತ್ತು.

ಈ ಸಲ ಆಟೋ ಬೇಡವೆಂದ. ನಡೆದೇ ಓಟು ಕೇಳಿದ. ಮೊದಲ ದಿನ ಹೆಗಲ ಮೇಲೆ ಒಂದು ಬಿದಿರಿನ ಏಣಿ ಹೊತ್ತ ಇಬ್ಬರು ಜೊತೆಗಿದ್ದರು. ಆಮೇಲೆ ಒಬ್ಬನ ಭುಜ ನೋಯಿತು, ಇನ್ನೊಬ್ಬನಿಗೆ ಬೇರೆ ಕೆಲಸ ಬಂತು. ಏಣಿ ನಮ್ಮ ಗೋಡೆಗೆ ಒರಗಿ ನಿಂತಿತು. ಜೂನಿಯರ್ ಹುಡುಗಿ ಬೇರೆ ಬೀದಿಗಳನ್ನು ನೋಡಿಕೊಂಡಳು. ಅವನು ಒಬ್ಬನೇ ಹೋಗಿ ಬಾಗಿಲು ತಟ್ಟುತ್ತಿದ್ದ. ಜನ, "ನಿಮಗೇ ಸಾರ್, ಇನ್ಯಾರಿಗೆ" ಎಂದು ಬಾಗಿಲು ಹಾಕಿಕೊಳ್ಳುತ್ತಿದ್ದರು. ಸಂಜೆ ಬಂದು ಕಾಲು ನೀರಲ್ಲಿಟ್ಟುಕೊಂಡು ಕೂರುತ್ತಿದ್ದ. ಬೀದಿಯಲ್ಲಿ ಬೇರೆಯವರ ಆಟೋಗಳು ಕಿರುಚಿಕೊಂಡು ಹೋಗುತ್ತಿದ್ದವು. ಪ್ರತಿ ಸಲವೂ ಅವನು ತಲೆ ಎತ್ತಿ ಕಿವಿಗೊಡುತ್ತಿದ್ದ, ಆಮೇಲೆ ತಲೆ ತಗ್ಗಿಸುತ್ತಿದ್ದ.

ಪ್ರಚಾರದ ಕೊನೇ ದಿನ ನಾನು ಅವನನ್ನು ಕೇಳಲಿಲ್ಲ. ಹಳೇ ಆಟೋದವನನ್ನು ಕರೆಸಿದೆ. ಹಳೇ ರೆಕಾರ್ಡು ಅವನ ಹತ್ತಿರ ಇನ್ನೂ ಇತ್ತು.

"ಅಮ್ಮಾ, ಅದ್ರಲ್ಲಿ ಮಿಷನ್ ಅಂತಿದೆ. ಈ ಸಲ ಏಣಿ ಅಲ್ವಾ?"

"ನಂಗೆ ಗೊತ್ತಿಲ್ವಾ? ನಮ್ಮ ಬೀದಿ ಒಂದರಲ್ಲಿ ಮಾತ್ರ ಹೊಡಿ. ಇಲ್ಲಿರೋ ಓಟು ಹಾಳಾಗಿ ಹೋಗ್ಲಿ."

"ನಿಮ್ಮ ಕೂಗೂ ಇದೆ ಅದ್ರಲ್ಲಿ."

"ಇರ್ಲಿ."

ಮೈಕು ನಿಲ್ಲಿಸುವ ಹೊತ್ತು ಹತ್ತಿರವಾಗಿತ್ತು. ತಮ್ಮ ಆಗಷ್ಟೇ ಬಂದು ಮೆಟ್ಟಿಲ ಮೇಲೆ ಕೂತು ಬೂಟಿನ ದಾರ ಬಿಚ್ಚುತ್ತಿದ್ದ. ಬೀದಿಯ ತುದಿಯಲ್ಲಿ ಗರಗರ ಸದ್ದಾಯಿತು.

"ಹರಿದಿದ್ದನ್ನ ಹೊಲಿಯೋಕೆ ಹೊಲಿಗೆ ಮಿಷನ್..."

ಅವನ ಕೈ ದಾರದ ಮೇಲೇ ನಿಂತಿತು. ಎದುರುಮನೆಯ ಟೈಲರ್ ಹೊರಗೆ ಬಂದು ಬಾಯಿ ತೆರೆದವನು, ನನ್ನ ಮುಖ ನೋಡಿ ಹಾಗೇ ಮುಚ್ಚಿಕೊಂಡ. ದನಿ ಒಂದೊಂದೇ ಮನೆ ದಾಟಿ ಹತ್ತಿರ ಬಂತು, ಸ್ವಲ್ಪ ಮೂಗು ಕಟ್ಟಿದ ಅದೇ ದನಿ. ನಮ್ಮ ಗೇಟಿನ ಹತ್ತಿರ ಬರುವಾಗ ನಾನೇ ಕೂಗಿದೆ, ಆ ಡಬ್ಬದೊಳಗಿಂದ.

"ಗಿಣೀ, ಹಾಲು ಉಕ್ಕಿ ಹೋಗ್ತಿದೆ, ಎಲ್ಲಿ ಸತ್ತೆ?"

ಬಾಗಿಲ ಚೌಕಟ್ಟು ಹಿಡಿದುಕೊಂಡೆ.

"ಬಂದೆ ಅತ್ತಿಗೇ, ಬಂದೆ."

ತಮ್ಮ ಗೇಟಿನ ಕಡೆ ನೋಡಿದ. ನಾನೂ ನೋಡಿದೆ. ಏನು ನೋಡಿದೆವೋ, ಇಬ್ಬರಿಗೂ ಬುದ್ಧಿ ಇಲ್ಲ. ಆಟೋದವನು ಬ್ರೇಕ್ ಹಾಕಿ ತಲೆ ಹೊರಗೆ ಹಾಕಿದ.

"ಟೈಮ್ ಇನ್ನೂ ಸ್ವಲ್ಪ ಇದೆ ಸಾರ್. ಇನ್ನೊಂದು ರೌಂಡು ಹೋಗ್ಲಾ, ಬೇಡ್ವಾ?"

ತಮ್ಮ ನನ್ನ ಕಡೆ ತಿರುಗಿದ. ಬೈಯುತ್ತಾನೆ ಎಂದುಕೊಂಡೆ. ಮೋಸ, ನ್ಯಾಯ, ನಾಲ್ಕು ಜನ ಎನ್ನುತ್ತಾನೆ ಎಂದುಕೊಂಡೆ. ಅವನು ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ.

"ಹೋಗು" ಎಂದ. "ಬರ್ತಾ ನಿಧಾನವಾಗಿ ಬಾ."

ನಾನು ಹೋಗಿ ಗೇಟು ಪೂರ್ತಿ ತೆಗೆದಿಟ್ಟು ಬಂದೆ.