ಜಯಲಕ್ಷ್ಮಮ್ಮನ ಡಾಲರು ಮತ್ತು ಈರಕ್ಕನ ಅಟ್ಟ

೧

ಈ ಕತೆಯನ್ನು ಎಲ್ಲಿಂದ ಶುರು ಮಾಡಲಿ? ಡಾಲರಿನಿಂದ ಎಂದರೆ ನೀವು ಪುಟ ಮಗುಚುತ್ತೀರಿ. ಕಡೂರಿನ ಬಸ್‌ಸ್ಟ್ಯಾಂಡಿನಿಂದ ಎಂದರೆ ಕತೆ ಬಸ್ ಹತ್ತಿ ತರೀಕೆರೆಗೆ ಹೋಗಿಬಿಡುತ್ತದೆ. (ಎರಡು ಸಲ ಹೋಗಿದೆ. ಆ ಹಾಳೆಗಳು ಒಲೆ ಸೇರಿದವು.) ಜಯಲಕ್ಷ್ಮಮ್ಮನಿಂದಲೇ ಶುರುವಾಗಲಿ.

ಮಸ್ಕತ್ತಿನಲ್ಲಿ ನರ್ಸಾಗಿದ್ದು, ರಿಟೈರಾಗಿ ಕಡೂರಿಗೆ ಬಂದವಳು. ದುಡಿದದ್ದೆಲ್ಲ ಬ್ಯಾಂಕಿನಲ್ಲಿ ಡಾಲರ್ ಠೇವಣಿ. ಅದರ ಬಡ್ಡಿಯೇ ಅನ್ನ, ಮಾತ್ರೆ, ಕರೆಂಟ್ ಬಿಲ್ಲು. ಡಾಲರ್ ಏರಿದರೆ ಅವಳ ತಿಂಗಳು ಹಿಗ್ಗುತ್ತದೆ, ರೂಪಾಯಿ ಏರಿದರೆ ಕುಗ್ಗುತ್ತದೆ. ಕಡೂರಿನ ಹೆಸರೇ ಕೇಳದ ಜನ ಸಮುದ್ರದಾಚೆ ಮೀಟಿಂಗ್ ಮುಗಿಸಿ ಎದ್ದರೆ, ಇಲ್ಲಿ ಇವಳ ಸಾರಿಗೆ ಬೀಳುವ ಬೇಳೆ ಹೆಚ್ಚುಕಮ್ಮಿಯಾಗುತ್ತದೆ! ಬರೆಯುತ್ತ ನನಗೇ ಮೈ ಜುಮ್ಮೆಂದಿತು.

೨

ಠೇವಣಿಯ ಅವಧಿ ಮುಗಿದಿದೆ. "ಮೇಡಂ, ಡಾಲರ್ ರೇಟು ಚೆನ್ನಾಗಿ ಏರಿದೆ. ಪೂರ್ತಿ ರೂಪಾಯಿ ಮಾಡಿಸಿಬಿಡಿ" ಎನ್ನುತ್ತಾನೆ ಬ್ಯಾಂಕಿನ ಚಂದ್ರಕುಮಾರ್. ಲೆಕ್ಕ ತಪ್ಪಿದರೆ ಮುಪ್ಪಿನಲ್ಲಿ ಯಾರ ಮುಂದಾದರೂ ಕೈಯೊಡ್ಡಬೇಕು. ಅವಳಿಗಿರುವ ಭಯ ಅದೊಂದೇ.

ಕೊನೆ ಒಂದು: ಪೂರ್ತಿ ಮಾಡಿಸುತ್ತಾಳೆ. ಮರುವಾರ ರೂಪಾಯಿ ಕುಸಿದು ಮಾತ್ರೆಯ ಬೆಲೆ ಏರುತ್ತದೆ. (ಕಣ್ಣೀರು. ವಿಮರ್ಶಕರು ಮೆಚ್ಚುತ್ತಾರೆ.)

ಕೊನೆ ಎರಡು: ಮಾಡಿಸುವುದಿಲ್ಲ. ರೂಪಾಯಿ ಚೇತರಿಸಿಕೊಂಡು ಬಡ್ಡಿ ಕರಗುತ್ತದೆ. (ಅದೇ ಕಣ್ಣೀರು.)

"ಏನ್ರೀ, ಎರಡರಲ್ಲೂ ನನ್ನೇ ಮುಳುಗಿಸ್ತೀರಲ್ಲ?" ಜಯಲಕ್ಷ್ಮಮ್ಮ ಹಾಳೆಯಿಂದ ತಲೆಯೆತ್ತಿದಳು.

"ಕತೆಗೆ ಟೆನ್ಷನ್ ಬೇಕಲ್ಲಮ್ಮಾ."

"ಬಿಪಿ ಮಾತ್ರೆ ನುಂಗೋಳು ನಾನು. ನಿಮ್ಮ ಟೆನ್ಷನ್ ನೀವೇ ಇಟ್ಕಳಿ."

೨, ಮತ್ತೊಮ್ಮೆ

ನನ್ನನ್ನೊಂದು ಮಾತೂ ಕೇಳದೆ ಅವಳು ಪಂಚನಹಳ್ಳಿಯ ಅಕ್ಕನ ಮನೆಗೆ ಹೋದಳು. ಈರಕ್ಕ ಅಟ್ಟದ ಮೇಲೆ ಕೊಬ್ಬರಿಗೆಂದು ಒಟ್ಟಿದ್ದ ತೆಂಗಿನಕಾಯಿಗಳನ್ನು ಒಂದೊಂದಾಗಿ ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದಳು. ನೀರು ಇಂಗಿ, ಒಳಗಿನ ತಿರುಳು ಒಣಗಿ ಗಿಟುಕಾಗಿ ಚಿಪ್ಪು ಬಿಟ್ಟು ಸದ್ದು ಮಾಡಿದರೆ ಕೆಳಗೆ. ಇಲ್ಲದಿದ್ದರೆ ಮತ್ತೆ ಅಟ್ಟಕ್ಕೆ.

"ಕೊಬ್ರಿ ರೇಟು ಚೆನ್ನಾಗೈತಂತೆ. ಎಲ್ಲಾ ಇಳಿಸ್ಬಾರ್ದೇನಕ್ಕಾ?"

"ಹೋದ್ವರ್ಷ ಆಸೆಗೆ ಬಿದ್ದು ಹಂಗೇ ಮಾಡ್ದೆ ಕಣೇ. ಅರ್ಧ ಹಸಿ ಇತ್ತು, ಬೂಷ್ಟು ಬಂದ್ಬಿಡ್ತು."

ಜಯಲಕ್ಷ್ಮಮ್ಮ ಅಲ್ಲೇ ತೀರ್ಮಾನಿಸಿದಳು: ಎರಡು ವರ್ಷದ ಅನ್ನಕ್ಕೆ ಬೇಕಾದಷ್ಟು ರೂಪಾಯಿಯಾಗಲಿ, ಉಳಿದದ್ದು ಡಾಲರಾಗಿಯೇ ಇರಲಿ, ಆಮೇಲೆ ವರ್ಷಕ್ಕಿಷ್ಟು.

(ಇಲ್ಲಿಗೆ ಮುಗಿಸಬಹುದಿತ್ತು. ನೀತಿಯೂ ಸಿಕ್ಕಿತ್ತು.)

೩

ಜಯಲಕ್ಷ್ಮಮ್ಮ ಅಕ್ಕನ ರಾಶಿಯಿಂದ ಒಂದು ಕಾಯಿ ಎತ್ತಿಕೊಂಡು ನನ್ನತ್ತ ತಿರುಗಿದಳು. "ವರ್ಷಕ್ಕಿಷ್ಟು ಅಂದೆ, ಸರಿ. ಎಷ್ಟು ವರ್ಷಕ್ಕೆ ಹಂಚ್ಲಿ? ಬ್ಯಾಂಕಿನೋನಿಗೆ ಗೊತ್ತಿಲ್ಲ, ಅಕ್ಕಂಗೂ ಗೊತ್ತಿಲ್ಲ. ಬರಿಯೋರು ನೀವು. ನನ್ನ ಕೊನೆ ಯಾವಾಗ ಅಂತ ಹೇಳ್ಬಿಡ್ರೀ, ಲೆಕ್ಕ ಹಾಕ್ಕೋತೀನಿ."

ಕೊನೆ ಒಂದು, ಕೊನೆ ಎರಡು ಎಂದು ನಾನು ಆಟವಾಡುತ್ತಿದ್ದದ್ದು ಇವಳ ಆಯಸ್ಸಿನ ಜೊತೆ. ರೇಟು ಎಲ್ಲಿಗೆ ಹೋಗುತ್ತದೋ ತಿಳಿಯದು, ತಾನು ಎಲ್ಲಿಯವರೆಗೆ ಇರುತ್ತೇನೋ ತಿಳಿಯದು. ಅಷ್ಟಿದ್ದೂ ನಾಳೆಗೆ ಅಕ್ಕಿ ಎತ್ತಿಡುವ ಹೆಂಗಸನ್ನು ಬೆರಗಾಗಿ ನೋಡುತ್ತ ಕೂತೆ.

"ನನಗೂ ಗೊತ್ತಿಲ್ಲಮ್ಮಾ."

"ಹಂಗಾದ್ರೆ ಬರೀಬೇಡಿ."

ಕೈಯಲ್ಲಿದ್ದ ಕಾಯಿಯನ್ನು ಕಿವಿಗೆ ಹಿಡಿದು ಅಲ್ಲಾಡಿಸಿದಳು. ನಾನೂ ಉಸಿರು ಬಿಗಿಹಿಡಿದು ಕೇಳಿದೆ.

ಒಳಗೆ ಇನ್ನೂ ನೀರಿತ್ತು. ಅಟ್ಟಕ್ಕೆ ವಾಪಸ್ ಇಟ್ಟಳು.